ಅರವತ್ತಮೂರು ಹಿಂಬಾಲಕರು

ಕನ್ನಡಕದ ಅಂಗಡಿಯವರು ಹೆದರದೆ ಬಿಟ್ಟ ವಸ್ತು ಈ ಲೋಕದಲ್ಲಿ ತೀರಾ ಕಡಿಮೆ. ಲಿಫ್ಟು ಕಂಡರೆ ಭಯ. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಿದರೆ ತಮ್ಮ ಎದೆ ಹೊಡೆದುಕೊಳ್ಳುವ ಸದ್ದಿಗೇ ಭಯ. ಒಲೆ ಆರಿಸಿದ ಮೇಲೂ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಅದು ತಮ್ಮನ್ನು ಏಮಾರಿಸುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೆಜ್ಜೆ ಕೀಳುವರು. ಅಂಗಡಿಯ ಗೋಡೆಯ ಮೇಲಿನ ಅಕ್ಷರಗಳ ಹಲಗೆಯನ್ನು ಯಾವನಾದರೂ ಗಿರಾಕಿ ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿಬಿಟ್ಟರೆ, ಇಷ್ಟು ಚೆನ್ನಾಗಿ ಕಣ್ಣು ಕಾಣುವವನು ಇಲ್ಲಿಗೆ ಯಾಕೆ ಬಂದ ಎಂಬ ಅನುಮಾನ ಆ ದಿನವೆಲ್ಲ ಅವರನ್ನು ಕೊರೆಯುತ್ತಿತ್ತು.

ಇಷ್ಟು ಭಯಗಳ ನಡುವೆ ಒಂದೇ ಒಂದು ಜಂಬಕ್ಕೆ ಜಾಗ ಸಿಕ್ಕಿತ್ತು. ಪಕ್ಕದ ಮೆಡಿಕಲ್ ಶಾಪಿನವರಿಗಿಂತ ತಾವು ಯಾವುದರಲ್ಲೂ ಕಮ್ಮಿಯಿಲ್ಲ ಎಂಬುದೇ ಆ ಜಂಬ. ಇಬ್ಬರೂ ಒಂದೇ ಎತ್ತರ, ಒಂದೇ ಬಗೆಯ ಸಣಕಲು ಮೈ. ಇಬ್ಬರ ಕೈಯಲ್ಲೂ ಕಪ್ಪು ಚೀಲ. ವ್ಯತ್ಯಾಸವೆಂದರೆ ಮೆಡಿಕಲ್ ಶಾಪಿನವರಿಗೆ ಯಾವ ವಿಷಯ ಗೊತ್ತಿಲ್ಲದಿದ್ದರೂ ಧೈರ್ಯವಾಗಿ ಮಾತಾಡುವ ಶಕ್ತಿಯಿತ್ತು.

ಅವತ್ತು ಬೆಳಿಗ್ಗೆ ಇಬ್ಬರೂ ಶಟರ್ ಎತ್ತುತ್ತಿರುವಾಗ ಮೆಡಿಕಲ್ ಶಾಪಿನವರು ಕೇಳಿದರು: "ಏನ್ರೀ, ಫೋನಲ್ಲಿ ಯಾವ ಬ್ರೌಸರ್ ಇಟ್ಕೊಂಡಿದ್ದೀರಿ?"

"ಅದೇ... ಇರುತ್ತಲ್ಲ. ಫೋನ್ ಜೊತೆಗೇ ಬಂದಿರುತ್ತಲ್ಲ, ಅದು."

"ಅಯ್ಯೋ! ಜೊತೆಗೆ ಬಂದಿದ್ದನ್ನೇ ಉಪಯೋಗಿಸ್ತೀರಾ?" ಮೆಡಿಕಲ್ ಶಾಪಿನವರು ಅರ್ಧಕ್ಕೆತ್ತಿದ ಶಟರನ್ನು ಹಾಗೇ ಬಿಟ್ಟು ಬಳಿಗೆ ಬಂದರು. "ಬಾಡಿಗೆ ಮನೆಗೆ ಹೋಗಿ ಬೀಗಾನೂ ಬದಲಾಯಿಸ್ದೆ ಮಲಗಿದ ಹಾಗಾಯ್ತಲ್ರೀ! ನೀವು ಏನು ಹುಡುಕ್ತೀರಿ, ಏನು ಓದ್ತೀರಿ, ಎಲ್ಲಾ ಅದರ ಹೊಟ್ಟೇಲಿರುತ್ತೆ. ಮೊದಲು ಹೊರಗಿನದು ಒಂದು ಹಾಕ್ಕೊಳ್ಳಿ. ನಾನು ಹಾಕ್ಕೊಂಡು ಎಷ್ಟೋ ಕಾಲ ಆಯ್ತು."

"ನಾನೂ ಇವತ್ತೇ ಹಾಕ್ಕೊಳ್ಳೋದ್ರಲ್ಲಿದ್ದೆ," ಎಂದರು ಕನ್ನಡಕದವರು ತಣ್ಣಗೆ. ಒಳಗೆ ಬಂದವರು ಮಾತ್ರ ಕೂರುವ ಮೊದಲೇ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಈಚೆಗೆ ಒಮ್ಮೆ ಅವರು ಫೋನಿನಲ್ಲಿ 'ಮೊಣಕಾಲು ನೋವು' ಎಂದು ಹುಡುಕಿದ್ದರು. ಅಂದಿನಿಂದ ಸುದ್ದಿ ತೆರೆದರೂ ಹವಾಮಾನ ತೆರೆದರೂ ಮೊಣಕಾಲಿನ ಪಟ್ಟಿಯ ಜಾಹೀರಾತು. ಫೋನಿಗೆ ತಮ್ಮ ಮೇಲೆ ಮರುಕವಿದೆ ಎಂದೇ ಅವರು ಅಷ್ಟು ದಿನ ತಿಳಿದಿದ್ದರು.

ಗಿರಾಕಿಗಳಿಲ್ಲದ ಹೊತ್ತು ನೋಡಿ ಗುರಾಣಿಯ ಚಿತ್ರವಿದ್ದ ಒಂದು ಬ್ರೌಸರನ್ನು ಇಳಿಸಿಕೊಂಡರು. ಅದು ಒಳ್ಳೆಯ ಮನೆತನದಿಂದ ಬಂದಂತಿತ್ತು. ಎಲ್ಲವನ್ನೂ ಕೇಳಿಕೇಳಿ ಮಾಡುತ್ತಿತ್ತು. 'ನಿಮ್ಮ ಸ್ಥಳ ತಿಳಿಯಬಹುದೇ?' ಬೇಡ ಎಂದು ಒತ್ತಿದರು. 'ಇನ್ನು ಮುಂದೆ ನನ್ನನ್ನೇ ಮುಖ್ಯ ಬ್ರೌಸರ್ ಮಾಡಿಕೊಳ್ಳುವಿರಾ?' ಇಷ್ಟು ನಯವಾಗಿ ಅವರನ್ನು ಜೀವಮಾನದಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲ. ಆಗಲಿ ಎಂದರು. ಜಾಹೀರಾತಿಲ್ಲದ ಸುದ್ದಿಯ ಪುಟ ತೊಳೆದಿಟ್ಟ ಗಾಜಿನಂತೆ ತೆರೆದುಕೊಂಡಿತು. ಮಧ್ಯಾಹ್ನ ಹೆಂಡತಿಯನ್ನು ಅಂಗಡಿಯಲ್ಲಿ ಕೂರಿಸಿ ಊಟಕ್ಕೆ ಹೋಗಿ ಬಂದರು. ಸಂಜೆಯವರೆಗೂ ಅದೂ ಇದೂ ಓದಿದರು. ಅಂಗಡಿ ಮುಚ್ಚುವ ಮುಂಚೆ ಪರದೆಯ ಮೇಲೆ ಒಂದು ಸಾಲು ಮೂಡಿತು.

'ಇಂದು ನಿಮ್ಮ ಅರವತ್ತಮೂರು ಹಿಂಬಾಲಕರನ್ನು ತಡೆಯಲಾಗಿದೆ.'

ಅದರ ಕೆಳಗೆ ಇನ್ನೂ ಏನೇನೋ ಬರೆದಿತ್ತು. ಓದುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮೆಲ್ಲಗೆ ತಲೆಯೆತ್ತಿ ಗಾಜಿನ ಬಾಗಿಲಾಚೆ ನೋಡಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಬಸ್ ನಿಲ್ದಾಣದಲ್ಲಿ ಒಬ್ಬ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ. ಒಬ್ಬಳು ಬಿಸಿಲಿಲ್ಲದಿದ್ದರೂ ಕೊಡೆ ಹಿಡಿದಿದ್ದಳು. ಇಷ್ಟು ವರ್ಷ ಇವರೆಲ್ಲ ದಾರಿಹೋಕರೆಂದು ನಂಬಿದ್ದ ತಮ್ಮ ಮುಗ್ಧತನಕ್ಕೆ ಅವರಿಗೇ ಮರುಕವಾಯಿತು.

ಮನೆಗೆ ಹೋಗಿ ಹೆಂಡತಿಗೆ ಪರದೆ ತೋರಿಸಿದರು.

"ಹಳೇದು ಹೀಗೆಲ್ಲ ಹೇಳ್ತಿರ್ಲಿಲ್ಲ ಅಲ್ವೇನ್ರೀ?" ಎಂದರು ಆಕೆ, ಪಾತ್ರೆ ಒರೆಸುತ್ತಾ.

"ಅದೇ ಕಣೇ! ಹಳೇದು ಹೇಳ್ತಿರ್ಲಿಲ್ಲ ಅಂದ್ರೆ ಏನರ್ಥ? ಅದೂ ಅವರ ಜೊತೆ ಸೇರ್ಕೊಂಡಿತ್ತು ಅಂತ!"

"ಹಳೇದು ಬೇಗ ತೆರ್ಕೊಳ್ತಿತ್ತು, ಪಾಸ್‌ವರ್ಡ್ ನೆನಪಿಟ್ಕೊಳ್ತಿತ್ತು, ಬಾಯಿ ಮುಚ್ಕೊಂಡು ಕೆಲಸ ಮಾಡ್ತಿತ್ತು. ಹೊಸದು ಬಂದ ದಿನಾನೇ ಮನೆಯವರನ್ನ ಹೆದರಿಸ್ತಿದೆ. ನನಗಂತೂ ಹಳೇದೇ ವಾಸಿ ಅನ್ಸುತ್ತೆ."

ಶತ್ರುಗಳು ತಮ್ಮ ಮನೆಯನ್ನೂ ಒಳಗಿನಿಂದ ಹಿಡಿದುಬಿಟ್ಟಿದ್ದಾರೆಂದು ಕನ್ನಡಕದವರಿಗೆ ಆಗ ಅರ್ಥವಾಯಿತು.

ಮಾರನೆಯ ಬೆಳಿಗ್ಗೆ ಅವರು ಅಂಗಡಿಗೆ ನೇರವಾಗಿ ಹೋಗಲಿಲ್ಲ. ಅಂಚೆ ಕಚೇರಿಯ ಹಿಂದಿನ ಓಣಿ ಹಿಡಿದು, ಬಟ್ಟೆ ಅಂಗಡಿಯ ಮುಂಬಾಗಿಲಿನಿಂದ ನುಗ್ಗಿ ಹಿಂಬಾಗಿಲಿನಿಂದ ಹೊರಬಂದು, ಮೈಯೆಲ್ಲ ಬೆವರಾಗಿ ಅಂಗಡಿ ಸೇರಿದರು. ಉಸಿರು ತಿರುಗುವಷ್ಟರಲ್ಲಿ ಎದುರು ಫುಟ್‌ಪಾತಿನಲ್ಲಿ ಅವನು ಕಂಡ.

ಕಂದು ಜಾಕೆಟ್ಟಿನ ದಪ್ಪ ಆಳು. ಕಣ್ಣು ಕಿರಿದು ಮಾಡಿ ಅಂಗಡಿಯ ಬೋರ್ಡನ್ನೇ ದಿಟ್ಟಿಸುತ್ತಿದ್ದ. ಆಮೇಲೆ ಜೇಬಿನಿಂದ ಫೋನು ತೆಗೆದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಏನನ್ನೋ ಒತ್ತಿದ. ಅದೇ ಗಳಿಗೆಗೆ ಕನ್ನಡಕದವರ ಫೋನು ರಿಂಗಾಯಿತು! ಅವರು ಅದನ್ನು ಕಾದ ಹಂಚು ಮುಟ್ಟಿದಂತೆ ಮೇಜಿನ ಮೇಲೆ ಎಸೆದರು. ಆಳು ರಸ್ತೆ ದಾಟಲು ಹೆಜ್ಜೆಯಿಟ್ಟ. ಕನ್ನಡಕದವರು ದೀಪವಾರಿಸಿ, ಒಳಗಿನಿಂದ ಶಟರ್ ಎಳೆದು, ಮಸೂರ ಉಜ್ಜುವ ಯಂತ್ರದ ಹಿಂದೆ ಮುದುಡಿ ಕೂತರು. ಹೊರಗೆ ಯಾರೋ ಶಟರನ್ನು ಎರಡು ಸಲ ತಟ್ಟಿದರು. ಬೀದಿಯ ಪೆಟ್ಟಿಗೆ ಅಂಗಡಿಯವನ ದನಿ ಕೇಳಿಸಿತು: "ಯಜಮಾನ್ರಾ? ಎತ್ತರಕ್ಕೆ ತೆಳ್ಳಗಿರ್ತಾರೆ, ಕೈಯಲ್ಲಿ ಕಪ್ಪು ಚೀಲ ಇರುತ್ತೆ ನೋಡಿ." ತಮ್ಮ ಗುರುತು ಹೀಗೆ ಬೀದಿಯಲ್ಲಿ ಹಂಚಿಹೋಗುವುದನ್ನು ಕನ್ನಡಕದವರು ಯಂತ್ರದ ಹಿಂದಿನಿಂದ ಕೇಳಿಸಿಕೊಂಡರು.

ಸದ್ದಡಗಿದ ಮೇಲೆ ಹಿತ್ತಲ ಬಾಗಿಲಿನಿಂದ ಪಕ್ಕದ ಮೆಡಿಕಲ್ ಶಾಪಿಗೆ ಹೋದರು.

"ನಿಮಗೂ... ಹಿಂಬಾಲಕರು ಇದ್ದಾರೇನ್ರೀ?" ಪಿಸುಗುಟ್ಟಿದರು.

"ನಿಮಗೆಷ್ಟು?"

"ಅರವತ್ತಮೂರು."

"ಅಷ್ಟೇನಾ?" ಮೆಡಿಕಲ್ ಶಾಪಿನವರು ಎದೆ ಸೆಟೆಸಿದರು. "ನನಗೆ ದಿನಾ ನೂರರ ಮೇಲೇ ಇರುತ್ತೆ. ನಾಲ್ಕು ಜನ ಬಲ್ಲ ಮನುಷ್ಯ ಅಂದ ಮೇಲೆ ಹಿಂದೆ ಜನ ಇರ್ತಾರೆ. ನೀವೂ ಅಭ್ಯಾಸ ಮಾಡ್ಕೋಬೇಕು."

ಹಿಂಬಾಲಕರ ವಿಷಯದಲ್ಲೂ ತಾವು ಪಕ್ಕದವರಿಗಿಂತ ಹಿಂದೆ ಬಿದ್ದೆವಲ್ಲ ಎಂಬ ಸಣ್ಣ ಅಸೂಯೆ ಕನ್ನಡಕದವರಿಗೆ ಹುಟ್ಟಬೇಕಿತ್ತು. ಭಯ ಅದಕ್ಕೂ ಜಾಗ ಬಿಡಲಿಲ್ಲ. ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿದರು. ದಾರಿಯಲ್ಲಿ ತಿರುಗಿ ನೋಡಿದಾಗಲೆಲ್ಲ ಕಂದು ಜಾಕೆಟ್ಟು ದೂರದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬರುತ್ತಿತ್ತು. ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಇವರು ಓಡಿದರೆ ಅದೂ ಗಾಬರಿಯಾಗಿ ಒಂದೆರಡು ಹೆಜ್ಜೆ ಓಡಿ, ವಿದ್ಯುತ್ ಕಂಬಕ್ಕೆ ಢಿಕ್ಕಿ ಹೊಡೆದು, ಕಂಬದ ಕ್ಷಮೆ ಕೇಳುತ್ತಿತ್ತು.

ಮನೆ ಸೇರಿ ಹೊಸ ಬ್ರೌಸರಿನಲ್ಲಿ ನಾಲ್ಕಾರು ಸುದ್ದಿ ತೆರೆದು ನೋಡಿದರೆ ಎರಡು ದಿನದ ಲೆಕ್ಕ ಇನ್ನೂರು ದಾಟಿತ್ತು. ಇದಕ್ಕೆಲ್ಲ ಮೂಲ ಆ ಹಳೆಯದೇ ಎಂದು ನಿರ್ಧರಿಸಿ, ಹೆಂಡತಿ ಒಲೆಯ ಮುಂದೆ ನಿಂತಿದ್ದಾಗಲೇ ಅದನ್ನು ಅಳಿಸಲು ಕೂತರು. ಫೋನು ಒಪ್ಪಲಿಲ್ಲ. 'ಇದನ್ನು ತೆಗೆದುಹಾಕಲು ಸಾಧ್ಯವಿಲ್ಲ. ನಿಷ್ಕ್ರಿಯಗೊಳಿಸಬಹುದು' ಎಂದಿತು.

"ಬೇಡ ರೀ, ಪಾಪ, ಅದೇನು ಮಾಡಿತ್ತು!" ಎಂದರು ಹೆಂಡತಿ.

ಕನ್ನಡಕದವರು ಕಣ್ಣು ಮುಚ್ಚಿ ಒತ್ತಿಯೇಬಿಟ್ಟರು. ಆದರೂ ಸಮಾಧಾನವಾಗಲಿಲ್ಲ. ನಿಷ್ಕ್ರಿಯವಾದದ್ದು ಮತ್ತೆ ಏಳದೆಂದು ಏನು ಗ್ಯಾರಂಟಿ? ಫೋನನ್ನೇ ಆರಿಸಿ, ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟರು. ಹೆಂಡತಿಯ ಫೋನು ಮಾತ್ರ ಹೊರಗಿತ್ತು. ಆಕೆ ಅದನ್ನು ಕೊಡಲು ಸುತರಾಂ ಒಪ್ಪಲಿಲ್ಲ. ಅದು ಕೇಳಿಸಿಕೊಳ್ಳುತ್ತದೆಂದು ಮನೆಯೊಳಗೆ ಮಾತನ್ನೇ ನಿಷೇಧಿಸಿದರು.

"ರೀ, ಒಂದು ಮುಖ್ಯವಾದ ವಿಷ್ಯ. ನೀವು ಊಟಕ್ಕೆ ಹೋದಾಗ ಅಂಗಡೀಲಿ—"

"ಶ್!"

"ಅಲ್ಲ, ಆ ಮನುಷ್ಯ ಪಾಪ ಅರ್ಜೆಂಟು—"

"ಶ್ಶ್!" ಎಂದು ಅವರು ಆಕೆಯ ಬಾಯಿಗೆ ಕೈ ಅಡ್ಡ ಹಿಡಿದರು. ಆಕೆ ಸಂಕಟದಿಂದ ಕೈಸನ್ನೆ ಮಾಡಿದರು: ಎರಡು ಕೈಯಿಂದ ಒಂದು ದೊಡ್ಡ ಚಕ್ರ ತಿರುಗಿಸಿ, ಆಮೇಲೆ ಎರಡು ಬೆರಳಿನಿಂದ ಕಣ್ಣು ತೋರಿಸಿದರು. ಯಾರೋ ತಮ್ಮನ್ನು ಸುತ್ತಿ ಸುತ್ತಿ ನೋಡುತ್ತಿದ್ದಾರೆಂದು ಹೆಂಡತಿಗೂ ಗೊತ್ತಾಗಿದೆ ಎಂದುಕೊಂಡು ಕನ್ನಡಕದವರು ಇನ್ನಷ್ಟು ಕುಸಿದರು.

ಮೂರನೆಯ ದಿನ ಅಂಗಡಿ ತೆರೆಯಲಿಲ್ಲ. ಹಾಲು ತರಲೇಬೇಕಾದ್ದರಿಂದ ಮಾತ್ರ ಹೊರಬಿದ್ದರು. ತಿರುವಿನಲ್ಲಿ ಕಂದು ಜಾಕೆಟ್ಟು ಎದುರಿಗೇ ಬಂತು. ಮುಖಕ್ಕೆ ಮುಖ ತಂದು, ಕಣ್ಣು ಕಿರಿದು ಮಾಡಿ, "ನೀವೇನಾ?" ಎಂದಿತು.

ಹಾಲಿನ ಪ್ಯಾಕೆಟ್ ಅಲ್ಲೇ ಬಿತ್ತು. ಮೊಣಕಾಲು ನೋವಿನ ಮನುಷ್ಯ ಹಾಗೆ ಓಡಿದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ನಿಂತಾಗ ಪೊಲೀಸ್ ಠಾಣೆಯೊಳಗಿದ್ದರು.

ಠಾಣೆಯ ಅಧಿಕಾರಿ ಟೀ ಕುಡಿಯುತ್ತಿದ್ದರು.

"ಸಾರ್, ನನ್ನ ಹಿಂದೆ ಜನ ಬಿದ್ದಿದ್ದಾರೆ!"

"ಎಷ್ಟು ಜನ?"

"ಮೊದಲನೇ ದಿನ ಅರವತ್ತಮೂರು. ನಿನ್ನೆಗೆ ಇನ್ನೂರು ದಾಟಿದೆ ಸಾರ್."

ಅಧಿಕಾರಿ ಲೋಟ ಕೆಳಗಿಟ್ಟರು. "ನೀವೇನು ಮಂತ್ರಿಗಳಾ?"

"ಕನ್ನಡಕದ ಅಂಗಡಿ ಸಾರ್."

"ಈ ಲೆಕ್ಕ ನಿಮಗೆ ಹೇಳಿದ್ಯಾರು?"

ಕನ್ನಡಕದವರು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಜಿನ ಮೇಲೆ ಅಂಗಾತ ಮಲಗಿದ್ದ ಅಧಿಕಾರಿಯ ಫೋನು ಕಣ್ಣಿಗೆ ಬಿತ್ತು. ಅದರೆದುರು ಬ್ರೌಸರಿನ ಹೆಸರೆತ್ತುವುದುಂಟೆ? ಅವರು ದನಿ ತಗ್ಗಿಸಿ, ಪದಗಳನ್ನು ಆರಿಸಿ ಆರಿಸಿ ಹೇಳತೊಡಗಿದರು.

"ಹೆಸರು ಹೇಳೋ ಹಾಗಿಲ್ಲ ಸಾರ್. ಹೊರಗಿನವನು. ಹೊಸಬ. ತುಂಬಾ ಒಳ್ಳೆಯವನು, ಎಲ್ಲರನ್ನೂ ಬಾಗಿಲಲ್ಲೇ ತಡೀತಾನೆ. ಅವನಿಗಿಂತ ಮುಂಚೆ ಒಬ್ಬ ಒಳಗಿನವನಿದ್ದ. ವರ್ಷಗಟ್ಟಲೆ ನಮ್ಮ ಜೊತೆಗೇ ಇದ್ದ. ನನ್ನ ಮೊಣಕಾಲಿನ ವಿಷಯಾನ ಊರಿಗೆಲ್ಲ ಸಾರಿಬಿಟ್ಟ."

"ಮನೆ ಕೆಲಸದವನಾ?"

"ಎಲ್ಲಾ ಕೆಲಸ ಅವನೇ ಮಾಡ್ತಿದ್ದ ಸಾರ್, ಚುರುಕು. ನಮ್ಮ ಗುಟ್ಟೆಲ್ಲ ಅವನಿಗೆ ಬಾಯಿಪಾಠ. ಕಳಿಸಿಬಿಡೋಣ ಅಂತ ನೋಡ್ದೆ. ಹೋಗಲ್ಲ ಅಂದ."

"ಆಮೇಲೆ?"

"ನನಗೆ ಬೇರೆ ದಾರಿ ಇರ್ಲಿಲ್ಲ ಸಾರ್." ಕನ್ನಡಕದವರು ಹಣೆ ಒರೆಸಿಕೊಂಡರು. "ನಿನ್ನೆ, ಅಡುಗೆಮನೇಲಿ... ನಿಷ್ಕ್ರಿಯ ಮಾಡ್ಬಿಟ್ಟೆ."

ಬಾಗಿಲಲ್ಲಿದ್ದ ಪೇದೆ ಮೆಲ್ಲಗೆ ಬಾಗಿಲು ಮುಚ್ಚಿದ.

"ಒಬ್ಬರೇನಾ?" ಅಧಿಕಾರಿಯ ದನಿ ಒರಟಾಯಿತು.

"ಒಬ್ಬನೇ ಸಾರ್. ಹೆಂಡತಿ ಅಲ್ಲೇ ಒಲೆ ಮುಂದೆ ಇದ್ಲು. ಬೇಡ, ಪಾಪ, ಅಂದ್ಲು. ನಾನು ಕೇಳ್ಲಿಲ್ಲ."

"ಈಗ ಎಲ್ಲಿದ್ದಾನೆ?"

"ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಮೇಲಿನ ಕಪಾಟಲ್ಲಿ ಇಟ್ಟಿದ್ದೀನಿ."

"ಪೂರ್ತಿನಾ?"

"ಪೂರ್ತಿ ಹಿಡೀತು ಸಾರ್," ಎಂದರು ಕನ್ನಡಕದವರು, ಯಾಕೆ ಕೇಳಿದರೆಂದು ತಿಳಿಯದೆ. "ಎದ್ದು ಬಂದ್ರೆ ಏನು ಮಾಡೋದು ಅನ್ನೋದೇ ಭಯ."

ಅಧಿಕಾರಿಯ ಇಷ್ಟು ವರ್ಷದ ನೌಕರಿಯಲ್ಲಿ ಇಂಥ ತಣ್ಣನೆಯ ಕೊಲೆಗಾರ ಸಿಕ್ಕಿರಲಿಲ್ಲ. ಧಡಕ್ಕನೆ ಎದ್ದ ರಭಸಕ್ಕೆ ಮೇಜಿನ ಮೇಲಿನ ಟೀ ಅಂಗಿಯ ಮೇಲೆ ಚೆಲ್ಲಿತು. ಜೀಪು ಹೊರಟಿತು. ರಕ್ಷಣೆಗಾಗಿ ತಮ್ಮ ಎರಡೂ ಪಕ್ಕದಲ್ಲಿ ಪೊಲೀಸರನ್ನು ಕೂರಿಸಿದ್ದಾರೆಂದು ಕನ್ನಡಕದವರ ಕಣ್ಣು ತುಂಬಿ ಬಂತು. ಒಬ್ಬೊಬ್ಬರೂ ಒಂದೊಂದು ತೋಳನ್ನು ಅಷ್ಟು ಬಿಗಿಯಾಗಿ ಯಾಕೆ ಹಿಡಿದಿದ್ದಾರೆಂಬುದು ಮಾತ್ರ ಹೊಳೆಯಲಿಲ್ಲ.

ಮನೆಯ ಮುಂದೆ ಜೀಪು ನಿಲ್ಲುವುದೇ ತಡ, ಬೀದಿಯೆಲ್ಲ ಸೇರಿತು. ಮೇಲ್ಮನೆಯ ಟೀಚರಮ್ಮ ಮೆಟ್ಟಿಲ ಮೇಲಿಂದಲೇ ಹೇಳಿಕೆ ಕೊಡತೊಡಗಿದರು. "ನನಗೆ ನಿನ್ನೇನೇ ಅನುಮಾನ ಬಂತು. ಆ ಮನೇಲಿ ಒಂದು ಮಾತಿಲ್ಲ, ಕತೆಯಿಲ್ಲ. ಬರೀ 'ಶ್ ಶ್' ಅಂತ ಕೇಳಿಸ್ತಿತ್ತು. ಆ ತಾಯಿ ಕೈಬಾಯಿ ಸನ್ನೇಲಿ ಏನೋ ಹೇಳ್ತಿದ್ದಳು, ಕಿಟಕೀಲಿ ನಾನೇ ಕಂಡೆ!"

"ಹೋದ ವಾರ ನನ್ನ ಕಣ್ಣು ಪರೀಕ್ಷೆ ಮಾಡಿದ್ದೂ ಇದೇ ಮನುಷ್ಯ," ಎಂದರು ಎದುರು ಮನೆಯ ಟೈಲರ್, ತಮ್ಮ ಎರಡು ಕಣ್ಣನ್ನೂ ಮುಟ್ಟಿ ನೋಡಿಕೊಳ್ಳುತ್ತಾ.

ಅಧಿಕಾರಿ ಅಡುಗೆಮನೆಗೆ ನುಗ್ಗಿ ಮೇಲಿನ ಕಪಾಟು ನೋಡಿದರು. ಇದ್ದದ್ದು ಗೇಣುದ್ದದ ಡಬ್ಬಿ. ಅವರ ಮುಖ ಇನ್ನೂ ಬಿಳಿಚಿತು. ಇಷ್ಟು ಚಿಕ್ಕದರಲ್ಲಿ ಪೂರ್ತಿ ಹಿಡಿಸಬೇಕಾದರೆ ಎಷ್ಟು ಸಣ್ಣಗೆ ಹೆಚ್ಚಿರಬೇಕು! ಒಬ್ಬ ಪೇದೆ ಕಣ್ಣು ಮುಚ್ಚಿಕೊಂಡು ಮುಚ್ಚಳ ತಿರುಗಿಸಿದ. ಇನ್ನೊಬ್ಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಬಾಗಿಲಲ್ಲಿ ಟೀಚರಮ್ಮ "ಅಯ್ಯೋ" ಎಂದು ಮುಂಗಡವಾಗಿಯೇ ಕಿರುಚಿದರು.

ಡಬ್ಬಿಯಲ್ಲಿ ಫೋನಿತ್ತು.

"ಇವನೇ ಸಾರ್," ಎಂದರು ಕನ್ನಡಕದವರು ಪಿಸುದನಿಯಲ್ಲಿ. "ಒಳಗಿದ್ದಾನೆ."

ಇಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಫೋನು ಕಸಿದುಕೊಂಡು ಆನ್ ಮಾಡಿದರು, ಹೊಸ ಬ್ರೌಸರ್ ತೆರೆದರು, ಆ ಸಾಲಿನ ಕೆಳಗೆ ಇವರು ಓದದೆ ಬಿಟ್ಟಿದ್ದನ್ನು ಗಟ್ಟಿಯಾಗಿ ಓದಿದರು: "'ಹಿಂಬಾಲಕ ಎಂದರೆ ನೀವು ತೆರೆಯುವ ಪುಟಗಳಲ್ಲಿ ಜಾಹೀರಾತಿನ ಕಂಪನಿಗಳು ಅಡಗಿಸಿಡುವ ಸಣ್ಣ ಗುರುತು.' ಜನ ಅಲ್ಲ ರೀ, ಗುರುತು! ನೀವು ಒಂದೇ ದಿನ ಅಷ್ಟೊಂದು ಸುದ್ದಿ ಯಾಕೆ ಓದಿದ್ರಿ?"

ಅಧಿಕಾರಿ ಎಲ್ಲವನ್ನೂ ಮೊದಲಿನಿಂದ ಮತ್ತೆ ಹೇಳಿಸಿಕೊಂಡರು. ಹೇಳಿಸಿಕೊಳ್ಳುತ್ತಾ ಅವರ ಮುಖ ಬಿಳಿಪಿನಿಂದ ಕೆಂಪಿಗೆ ತಿರುಗಿತು. ಒದರಲು ಬಾಯಿ ತೆರೆದವರು ಕನ್ನಡಕದವರ ಕಣ್ಣು ಬಾಗಿಲಲ್ಲಿ ನೆಟ್ಟಿದ್ದು ಕಂಡು ಹಾಗೇ ನಿಂತರು.

"ಗುರುತಾದ್ರೆ," ಎಂದರು ಕನ್ನಡಕದವರು, ಬಾಗಿಲಿನತ್ತ ಬೆರಳು ತೋರಿಸುತ್ತಾ, "ಅದು ಯಾರು ಸಾರ್?"

ಗುಂಪನ್ನು ಸರಿಸಿಕೊಂಡು, ಹೊಸ್ತಿಲು ಎಡವಿ, ಕಂದು ಜಾಕೆಟ್ಟು ಒಳಗೆ ಬಂತು. ಪೇದೆಗಳಿಬ್ಬರೂ, ಎಷ್ಟೋ ಹೊತ್ತಿನಿಂದ ಯಾರನ್ನಾದರೂ ಹಿಡಿಯಲು ಕಾಯುತ್ತಿದ್ದವರು, ಹಾರಿ ಹಿಡಿದುಕೊಂಡರು.

"ಸಾರ್, ಸಾರ್, ನಾನು ಬಸ್ ಡ್ರೈವರು!" ಎಂದಿತು ಜಾಕೆಟ್ಟು. "ಕನ್ನಡಕದ ಗ್ಲಾಸ್ ಬದಲಾಯಿಸೋಕೆ ಇವರ ಅಂಗಡೀಲಿ ಕೊಟ್ಟಿದ್ದೆ. ಸಂಜೆಗೆ ಕೊಡ್ತೀವಿ ಅಂದ್ರು ಮೇಡಂ. ಸಂಜೆ ಬಂದ್ರೆ ಬಾಗಿಲು ಹಾಕಿತ್ತು. ನಿನ್ನೆ ಬಂದ್ರೆ ನನ್ನ ಮುಖ ನೋಡಿ ಶಟರ್ ಎಳ್ಕೊಂಡ್ರು. ಮೇಡಂ ಕೊಟ್ಟ ನಂಬರಿಗೆ ಫೋನ್ ಮಾಡಿದ್ರೆ ಎತ್ತಲ್ಲ. ಕನ್ನಡಕ ಇಲ್ದೆ ನನಗೆ ಮುಖಾನೂ ತಿಳಿಯಲ್ಲ, ಬೋರ್ಡೂ ತಿಳಿಯಲ್ಲ. ಡಿಪೋದವರು ಸ್ಟೇರಿಂಗ್ ಮುಟ್ಟೋಕೆ ಬಿಡ್ತಿಲ್ಲ. ನಾಳೆ ಬೆಳಿಗ್ಗೆಗೆ ಹೋಗ್ದೇ ಇದ್ರೆ ನನ್ನ ರೂಟು ಬೇರೆಯವರಿಗೆ ಹೋಗುತ್ತೆ. ಹದಿನೇಳು ವರ್ಷದ ರೂಟು ಸಾರ್!" ಎಂದು ಅವನು ಅಳುವ ದನಿಯಲ್ಲಿ ಅಡುಗೆಮನೆಯ ಕಪಾಟಿಗೆ ಕೈ ಮುಗಿದ. ಪೇದೆಯೊಬ್ಬ ಅವನನ್ನು ಅಧಿಕಾರಿಯ ಕಡೆಗೆ ತಿರುಗಿಸಿ ನಿಲ್ಲಿಸಿದ.

"ಇದನ್ನೇ ಕಣ್ರೀ ನಾನು ಹೇಳೋಕೆ ಬಂದಿದ್ದು!" ಎಂದು ಹೆಂಡತಿ ಗಾಳಿಯಲ್ಲಿ ಮತ್ತೆ ಆ ದೊಡ್ಡ ಚಕ್ರ ತಿರುಗಿಸಿದರು. "ಸ್ಟೇರಿಂಗು! ಕನ್ನಡಕ! ಇನ್ನು ಹೇಗೆ ತೋರಿಸ್ಬೇಕಿತ್ತು?"

ಕನ್ನಡಕದವರಿಗೆ ಅಂದು ಮೊದಲ ಸಲ ಭಯವಲ್ಲದ ಬೇರೇನೋ ಆಯಿತು. ತಾವು ಯಂತ್ರದ ಹಿಂದೆ ಮುದುಡಿ ಕೂತಿದ್ದಾಗ ಈ ಮನುಷ್ಯ ಕಂಬಕ್ಕೆ ಹಣೆ ಚಚ್ಚಿಕೊಳ್ಳುತ್ತಾ ಬೀದಿಬೀದಿ ಅಲೆದಿದ್ದ. ಹಣೆಯ ಮೇಲೆ ಬುಗುಟು ಕಾಣಿಸುತ್ತಿತ್ತು. ಅವರು ಅವನ ಕೈ ಹಿಡಿದುಕೊಂಡು ಅಂಗಡಿಗೆ ನಡೆದರು. ಅಧಿಕಾರಿ ಇಬ್ಬರ ಮೇಲೂ ಯಾವ ಕೇಸು ಹಾಕಬೇಕೆಂದು ತಿಳಿಯದೆ ಜೀಪು ಹತ್ತಿದರು. ಹತ್ತುವ ಮುಂಚೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, ತಮ್ಮ ಫೋನು ಮುಂದೆ ಹಿಡಿದು, "ಅಮ್ಮಾ, ಇದರಲ್ಲಿರೋದು ಒಳಗಿನವನೋ ಹೊರಗಿನವನೋ ಸ್ವಲ್ಪ ನೋಡಿ ಹೇಳ್ತೀರಾ?" ಎಂದು ಮೆಲ್ಲಗೆ ಕೇಳಿದ್ದನ್ನು ಟೀಚರಮ್ಮ ಮಾತ್ರ ಕೇಳಿಸಿಕೊಂಡರು. ಆದ್ದರಿಂದ ಬೀದಿಗೆಲ್ಲ ಗೊತ್ತಾಯಿತು.

ಅಂಗಡಿಯಲ್ಲಿ ಕನ್ನಡಕದವರು ಮಸೂರ ಉಜ್ಜಿ, ಫ್ರೇಮಿಗೆ ಕೂರಿಸಿ, ಮೆತ್ತನೆ ಬಟ್ಟೆಯಿಂದ ಒರೆಸಿ, ತಮ್ಮ ಕೈಯಾರೆ ಡ್ರೈವರನ ಮೂಗಿನ ಮೇಲಿಟ್ಟರು. ಅವನು ಹಲಗೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದ. ಆಮೇಲೆ ತಿರುಗಿ ಕನ್ನಡಕದವರ ಮುಖ ನೋಡಿದ. ನೋಡುತ್ತಲೇ ಅವನ ಹುಬ್ಬು ಗಂಟಿಕ್ಕಿತು.

"ಯಜಮಾನ್ರು ನೀವೇನಾ ಸಾರ್?"

"ನಾನೇ."

"ಹಾಗಾದ್ರೆ ನಿನ್ನೆ ಸಂಜೆ ಮನೆವರೆಗೂ, ಇವತ್ತು ಬೆಳಿಗ್ಗೆ ಮನೆಯಿಂದ ಇಲ್ಲಿವರೆಗೂ ನಾನು ಹೋಗಿದ್ದು ಯಾರ ಹಿಂದೆ? ಇದೇ ಎತ್ತರ, ಕೈಯಲ್ಲಿ ಕಪ್ಪು ಚೀಲ. ಕೂಗಿದಷ್ಟೂ ಓಡಿದ್ರು. ಪಕ್ಕದ ಅಂಗಡೀಲಿ ಹೊಕ್ಕೊಂಡ್ರು ಸಾರ್."

ಇಬ್ಬರೂ ಹೊರಗೆ ಬಂದರು. ನಡು ಮಧ್ಯಾಹ್ನವಾದರೂ ಮೆಡಿಕಲ್ ಶಾಪಿನ ಶಟರ್ ನೆಲದವರೆಗೂ ಇಳಿದಿತ್ತು. ಹೊರಗೆ ಬೀಗವಿರಲಿಲ್ಲ. ಕೆಮ್ಮಿನ ಔಷಧಕ್ಕೆ ಬಂದ ಇಬ್ಬರು ಕೆಮ್ಮುತ್ತಾ ಕಾಯುತ್ತಿದ್ದರು. ಡ್ರೈವರು ಪಾಪ, ತಪ್ಪು ತಿಳುವಳಿಕೆ ಸರಿಮಾಡಿಬಿಡೋಣವೆಂದು ಶಟರ್ ತಟ್ಟಿದ.

"ಯಾ... ಯಾರದು?" ಎಂದಿತು ಒಳಗಿನಿಂದ, ಮಾತ್ರೆಯ ಡಬ್ಬಿಗಳ ಹಿಂದಿನಿಂದ ಬಂದಂತಿದ್ದ ದನಿ.

"ನಾನೇ ಸಾರ್! ನಿನ್ನೆಯಿಂದ ನಿಮ್ಮ ಹಿಂದೆ ಬರ್ತಿದ್ನಲ್ಲ!"

ಒಳಗೆ ಗಾಜಿನ ಬಾಟಲಿ ಉರುಳಿ ಒಡೆದ ಸದ್ದಾಯಿತು. ಆಮೇಲೆ ಬೀದಿಗೆಲ್ಲ ಕೇಳುವಂತೆ ಮೆಡಿಕಲ್ ಶಾಪಿನವರು ಕೂಗಿಕೊಂಡರು:

"ಹೊರಗಿನದನ್ನ ಅಳಿಸಿಬಿಟ್ಟೆ ಕಣಪ್ಪಾ! ಫೋನ್ ಜೊತೆ ಬಂದಿದ್ದಕ್ಕೇ ವಾಪಸ್ ಹೋಗಿದ್ದೀನಿ! ಇನ್ನಾದ್ರೂ ನನ್ನ ಬಿಟ್ಟುಬಿಡಿ!"